ತೂಕದ ಆಪರೇಷನ್ ಆಯ್ತು, ಇನ್ನು ಯಾರನ್ನ ಕೇಳೋದು?

ಬೇರಿಯಾಟ್ರಿಕ್ ಸರ್ಜರಿ ಮಾಡಿಸಿಕೊಂಡು ಸಾಗರ, ಹೊಸನಗರ, ತೀರ್ಥಹಳ್ಳಿಗೆ ಮರಳಿದವರಿಗೆ ಸಲಹೆ ಕೊಡೋರು ಬೇಕಾದಷ್ಟು ಜನ. ಆದರೆ ನಿಮ್ಮ ಹೊಟ್ಟೆಯೊಳಗೆ ಏನು ಬದಲಾಗಿದೆ ಅಂತ ಸರಿಯಾಗಿ ಗೊತ್ತಿರೋದು ಆಪರೇಷನ್ ಮಾಡಿದ ತಂಡಕ್ಕೆ. ಡಿಸ್ಚಾರ್ಜ್ ಆಗುವಾಗಲೇ ಸರ್ಜನ್, ಡಯಟಿಷಿಯನ್ ಇಬ್ಬರ ನಂಬರ್ ಬರೆಸಿಕೊಳ್ಳಿ. ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿದು ಮಣಿಪಾಲದ ಆಸ್ಪತ್ರೆಗೆ ಹೋಗೋದು ಸುಲಭವಲ್ಲ. ಫೋನಿನಲ್ಲೇ ಫಾಲೋಅಪ್ ಸಿಗುತ್ತಾ ಅಂತ ಮೊದಲೇ ಕೇಳಿ. ರಕ್ತಪರೀಕ್ಷೆ ಶಿವಮೊಗ್ಗದಲ್ಲಿ ಮಾಡಿಸಿ ರಿಪೋರ್ಟ್ ಕಳಿಸಬಹುದು: ಬಿ12, ಕಬ್ಬಿಣ, ವಿಟಮಿನ್ ಡಿ. ಈ ಪರೀಕ್ಷೆ, ವಿಟಮಿನ್ ಮಾತ್ರೆ ಎರಡೂ ಜೀವನಪೂರ್ತಿ.

ಇನ್ನು ಊಟ. ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನ್ ಬೇಕು. ಗಂಜಿ, ತಂಬುಳಿ ಹಿತವೇ, ಆದರೆ ಅದರಲ್ಲಿ ಅಷ್ಟು ಸಿಗಲ್ಲ. ಗಟ್ಟಿ ಆಹಾರ ಶುರುವಾದ ಮೇಲೆ ಮೊಟ್ಟೆ, ಮೀನು, ಪನೀರ್, ಬೇಳೆ ಮೊದಲು. ಅಕ್ಕಿ ರೊಟ್ಟಿ ಆಮೇಲೆ. ನೀರು ಊಟದ ಜೊತೆ ಬೇಡ, ಅರ್ಧ ಗಂಟೆ ಬಿಟ್ಟು ಕುಡೀರಿ.

ತೋಟದ ಕೆಲಸಕ್ಕೆ ಸೊಂಟ ಹಿಡೀತು ಅಂತ ಅಂಗಡಿ ಮಾತ್ರೆ ನುಂಗಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು. ಗ್ಯಾಸ್ಟ್ರಿಕ್ ಬೈಪಾಸ್ ಆದವರಿಗಂತೂ ಅಪಾಯ ಜಾಸ್ತಿ.

ಪದೇಪದೇ ವಾಂತಿ, ಜ್ವರ, ಜೋರು ಎದೆಬಡಿತ, ತಡೆಯಲಾಗದ ಹೊಟ್ಟೆನೋವು ಬಂದರೆ ಕಷಾಯ ಕುಡಿದು ಬೆಳಗಿನ ತನಕ ಕಾಯಬೇಡಿ. 108ಕ್ಕೆ ಕರೆ ಮಾಡಿ. ಆಸ್ಪತ್ರೆಗೆ ಡಿಸ್ಚಾರ್ಜ್ ಪತ್ರ ತಗೊಂಡು ಹೋಗಿ, ಯಾವ ಸರ್ಜರಿ ಆಗಿದೆ ಅಂತ ಅಲ್ಲಿನ ಡಾಕ್ಟರಿಗೆ ಮೊದಲು ಹೇಳಿ.