ಕೇಸಿಂಗ್‌ನಲ್ಲಿ ಇಪ್ಪತ್ತಡಿ ಉಳಿಸೋಕೆ ಹೋಗಿ ಬೋರನ್ನೇ ಕಳ್ಕೋಬೇಡಿ

ಬೇಸಿಗೆ ಬಂತು ಅಂದ್ರೆ ಊರೂರಲ್ಲೂ ಬೋರ್ ಲಾರಿ ಸದ್ದು. ಪಾಯಿಂಟ್ ನೋಡ್ಸೋಕೆ ನಾಲ್ಕು ಜನರನ್ನ ಕರೀತೀವಿ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ಹೊಲವೆಲ್ಲ ಸುತ್ತುತೀವಿ. ಆದ್ರೆ ಕೇಸಿಂಗ್ ಎಷ್ಟು ಇಳಿಸಬೇಕು, ಕಾಲಂ ಪೈಪು ಎಂಥದ್ದಿರಬೇಕು ಅನ್ನೋದನ್ನ ಲಾರಿಯವರಿಗೇ ಬಿಟ್ಟುಬಿಡ್ತೀವಿ.

ನಾನೂ ಅದನ್ನೇ ಮಾಡಿದ್ದೆ. 80 ಅಡಿಯಲ್ಲಿ ಇನ್ನೂ ಹಳದಿ ಪುಡಿ ಬರ್ತಿತ್ತು. "ಸಾಕು ಸಾರ್, ಕಲ್ಲು ಸಿಕ್ತು" ಅಂದ್ರು. ದುಡ್ಡು ಉಳೀತಲ್ಲ ಅಂತ ಸುಮ್ಮನಾದೆ. ಎರಡನೇ ಮಳೆಗಾಲಕ್ಕೆ ನೀರು ಕೆಂಪಾಯ್ತು. ಕೇಸಿಂಗ್ ಕೆಳಗಿನ ಮಣ್ಣು ಕುಸಿದು ಮೋಟಾರಿನ ಮೇಲೆ ಕೂತಿತ್ತು. ಎತ್ತೋಕೆ ಹೋದ್ರೆ ಪೈಪು ಬಂತು, ಮೋಟಾರು ಬರಲಿಲ್ಲ. ಬೋರೂ ಹೋಯ್ತು, ಒಂದೆಕರೆ ಪಪ್ಪಾಯನೂ ಒಣಗಿತು.

ತೈಲ ಬಾವಿ ಕೊರೆಯೋ ಎಂಜಿನಿಯರುಗಳು ಪೈಪು ಆರಿಸುವಾಗ ಮುಖ್ಯವಾಗಿ ಮೂರು ಪ್ರಶ್ನೆ ಕೇಳ್ತಾರೆ: ಹೊರಗಿನ ಒತ್ತಡಕ್ಕೆ ಚಪ್ಪಟೆಯಾಗುತ್ತಾ? ಒಳಗಿನ ಒತ್ತಡಕ್ಕೆ ಒಡೆಯುತ್ತಾ? ಭಾರಕ್ಕೆ ಕಿತ್ತು ಬೀಳುತ್ತಾ? ನಮ್ಮ ಬೋರಿಗೂ ಇವೇ ಮೂರು ಪ್ರಶ್ನೆ.

1. ಹೊರಗಿನ ಒತ್ತಡ (ಕೇಸಿಂಗ್)

ಮೇಲಿನ ಸಡಿಲ ಮಣ್ಣು, ಮೆತ್ತನೆ ಕಲ್ಲು ಒಳಗೆ ಬೀಳದಂತೆ ತಡೆಯೋದು ಕೇಸಿಂಗ್ ಕೆಲಸ. ಪ್ರತಿ 10 ಮೀಟರ್, ಅಂದ್ರೆ 33 ಅಡಿ ನೀರು, ಒಂದು ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಒತ್ತಡ ಹಾಕುತ್ತೆ. ಮಳೆಗಾಲದಲ್ಲಿ ಮಣ್ಣು ನೆನೆದಿರುವಾಗ 100 ಅಡಿ ಆಳದಲ್ಲಿ ಬರೀ ನೀರಿಂದಲೇ 3 ಕೆಜಿ ಒತ್ತಡ ಬರಬಹುದು, ಮಣ್ಣಿನದ್ದು ಬೇರೆ. ಒಳಗಿನ ನೀರನ್ನ ಮೋಟಾರು ಎಳೆದುಬಿಟ್ರೆ ಎದುರು ಒತ್ತೋಕೆ ಏನೂ ಇರಲ್ಲ.

ತೆಳು ಪೈಪಿನ ದಪ್ಪ ಅರ್ಧಕ್ಕಿಳಿದ್ರೆ ಅದರ ತಡೆಯೋ ಶಕ್ತಿ ಅರ್ಧ ಆಗಲ್ಲ, ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ! ಅದಕ್ಕೇ ಅಗ್ಗದ ತೆಳು ಪೈಪು ಬೇಡ. ಪಿವಿಸಿ ಆದ್ರೆ ಪೈಪಿನ ಮೇಲೆ ಐಎಸ್ 12818 ಗುರುತು ನೋಡಿ.

ಪುಡಿಯ ಬಣ್ಣ ಗಮನಿಸಿ. ನಮ್ಮ ಬಯಲುಸೀಮೆಯ ಗ್ರಾನೈಟ್ ನೆಲದಲ್ಲಿ ಕೆಂಪು, ಹಳದಿ ಹೋಗಿ ಒಂದೇ ಸಮ ಬೂದು ಪುಡಿ ಬರಬೇಕು. ಆಮೇಲೂ ಕೆಲವು ಅಡಿ ಗಟ್ಟಿ ಕಲ್ಲಿನೊಳಗೆ ಕೇಸಿಂಗ್ ಕೂರಲಿ.

2. ಒಳಗಿನ ಒತ್ತಡ (ಕಾಲಂ ಪೈಪು)

ಮೋಟಾರು 650 ಅಡಿ, ಅಂದ್ರೆ ಸುಮಾರು 200 ಮೀಟರಿನಲ್ಲಿದೆ ಅನ್ಕೊಳ್ಳಿ. ಬೇಸಿಗೆಯಲ್ಲಿ ಬೋರಿನ ನೀರು ಮೋಟಾರಿನ ಹತ್ತಿರಕ್ಕೇ ಇಳಿದ್ರೆ, ಕೆಳಗಿನ ಪೈಪಿನ ಒಳಗೆ 20 ಕೆಜಿ ಒತ್ತಡ. ಮೋಟಾರು ನಿಂತಾಗ ಬೀಳೋ ಹೊಡೆತ ಇನ್ನೂ ಬೇರೆ. ಇವತ್ತಿನ ನೀರಿನ ಮಟ್ಟ ನೋಡಿ ಪೈಪು ತರಬೇಡಿ, ಮೋಟಾರಿನ ಆಳ ಹೇಳಿ ತನ್ನಿ.

3. ಭಾರ

ಅದೇ ಆಳಕ್ಕೆ ಒಂದೂವರೆ ಇಂಚಿನ ಜಿಐ ಪೈಪು, ಮೀಟರಿಗೆ ಮೂರೂವರೆ ಕೆಜಿ ಅಂದ್ರೂ 700 ಕೆಜಿ. ಒಳಗಿನ ನೀರು 250 ಕೆಜಿ. ಮೋಟಾರು, ಕೇಬಲ್ ಸೇರಿದ್ರೆ ಒಂದು ಟನ್ ಮುಟ್ಟುತ್ತೆ. ಇಷ್ಟೂ ಭಾರ ತೂಗೋದು ಮೇಲಿನ ಮೊದಲ ಕಪ್ಲಿಂಗ್‌ನಿಂದ!

ಇಷ್ಟು ನೆನಪಿಡಿ: ಒತ್ತಡ ಕೆಳಗೆ ಜಾಸ್ತಿ, ಭಾರ ಮೇಲೆ ಜಾಸ್ತಿ. ಥ್ರೆಡ್ ಸವೆದ ಪೈಪನ್ನ ತೆಗೆದುಹಾಕಿ. ಎಚ್‌ಡಿಪಿಇ ಪೈಪು ಭಾರಕ್ಕೆ ಸ್ವಲ್ಪ ಹಿಗ್ಗುತ್ತೆ, ಹಾಗಾಗಿ ಕೇಬಲ್ ಬಿಗಿಯಾಗಿ ಕಟ್ಟಬೇಡಿ. ಜೊತೆಗೆ ಹಗ್ಗ ಇರಲೇಬೇಕು.

ಬೋರ್ ಕೊರೆಯೋ ದಿನ

* ಪ್ರತಿ 10 ಅಡಿಗೂ ಒಂದು ಹಿಡಿ ಪುಡಿ ಸಾಲಾಗಿ ಇಡಿ, ಫೋನಿನಲ್ಲಿ ಫೋಟೋ ತೆಗೀರಿ.
* ಇಳಿಸೋ ಮುಂಚೆ ಕೇಸಿಂಗ್ ಪೈಪುಗಳನ್ನ ನೀವೇ ಎಣಿಸಿ, ಅಳತೆ ಹಿಡೀರಿ.
* ಕೇಸಿಂಗ್ ನೆಲದಿಂದ ಒಂದೆರಡು ಅಡಿ ಮೇಲಿರಲಿ, ಸುತ್ತ ಸಿಮೆಂಟ್ ಹಾಕಿಸಿ.

ಕೊನೇ ಮಾತು. ನೀರು ಬರಲಿಲ್ಲ ಅಂತ ಕೇಸಿಂಗ್ ಕಿತ್ತುಕೊಂಡು ಗುಂಡಿ ಹಾಗೇ ಬಿಡಬೇಡಿ. ತಳದಿಂದ ಮೇಲಿನವರೆಗೂ ಮುಚ್ಚಿಸಿ. ಆ ಪೈಪಿನ ದುಡ್ಡು ಒಂದು ಮಗುವಿನ ಜೀವಕ್ಕಿಂತ ದೊಡ್ಡದಲ್ಲ.