ಗಾಳಿಯ ಗುಟ್ಟು ಹೇಳುವ ಗುಲಾಬಿ ಬಣ್ಣ

ನಗರದ ಕೆಲವು ಕಟ್ಟಡಗಳ ತಾರಸಿಯ ಮೇಲೆ ಇಳಿಜಾರು ಮುಚ್ಚಳದ ಲೋಹದ ಪೆಟ್ಟಿಗೆಯೊಂದು ಒಂದೇ ಸಮನೆ ಗುಂಯ್‌ಗುಡುತ್ತಿರುತ್ತದೆ. ಊರಿನ ಗಾಳಿಯನ್ನು ಒಳಗೆಳೆದು, ದೂಳಿನ ಜೊತೆಗೆ ಅನಿಲಗಳನ್ನೂ ಹಿಡಿದಿಡುವ ಸ್ಯಾಂಪ್ಲರ್ ಅದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ರಾಷ್ಟ್ರೀಯ ಕಾರ್ಯಕ್ರಮದಡಿ ರಾಜ್ಯ ಮಂಡಳಿಗಳು ಇವನ್ನು ನಡೆಸುತ್ತವೆ. ಹೀಗೆ ಹಿಡಿಯುವ ಅನಿಲಗಳಲ್ಲಿ ನೈಟ್ರೋಜನ್ ಡೈಆಕ್ಸೈಡ್ ಪ್ರಮುಖವಾದದ್ದು.

ಎಂಜಿನ್, ಜನರೇಟರ್, ಬಾಯ್ಲರ್‌ಗಳ ವಿಪರೀತ ಬಿಸಿಗೆ ಗಾಳಿಯಲ್ಲೇ ಇರುವ ಸಾರಜನಕ, ಆಮ್ಲಜನಕಗಳು ಕೂಡಿಕೊಳ್ಳುತ್ತವೆ. ಹೊಗೆಯಲ್ಲಿ ಹೊರಬೀಳುವುದು ಹೆಚ್ಚಾಗಿ ನೈಟ್ರಿಕ್ ಆಕ್ಸೈಡ್. ಹೊರಗಿನ ಓಝೋನ್ ಜೊತೆ ಸೇರಿ ಅದು ಡೈಆಕ್ಸೈಡ್ ಆಗುತ್ತದೆ, ಶ್ವಾಸನಾಳವನ್ನು ಕೆರಳಿಸುತ್ತದೆ.

ಇದನ್ನು ಹಿಡಿಯಲು ಇಂಪಿಂಜರ್ ಎಂಬ ಗಾಜಿನ ಕೊಳವೆಯಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಸೋಡಿಯಂ ಆರ್ಸೆನೈಟ್ ದ್ರಾವಣ ತುಂಬುತ್ತಾರೆ. ಗಾಳಿ ಗುಳ್ಳೆಯೆದ್ದು ಹಾಯುವಾಗ ಅನಿಲ ನೈಟ್ರೈಟ್ ಆಗಿ ಅದರಲ್ಲಿ ಉಳಿಯುತ್ತದೆ. ನಾಲ್ಕು ಗಂಟೆಗೊಮ್ಮೆ ಕೊಳವೆ ಬದಲಿಸಬೇಕು, ನಡುರಾತ್ರಿಯಾದರೂ ತಪ್ಪಿಸುವಂತಿಲ್ಲ. ವಾರಕ್ಕೆ ಎರಡು ದಿನದಂತೆ ವರ್ಷಕ್ಕೆ 104 ದಿನ ಈ ಕೆಲಸ ನಡೆಯಬೇಕು.

ಪ್ರಯೋಗಾಲಯದಲ್ಲಿ ಮೊದಲು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಗಂಧಕದ ಡೈಆಕ್ಸೈಡ್‌ನ ಅಡ್ಡಿ ನಿವಾರಿಸುತ್ತಾರೆ. ಆಮೇಲೆ ಸಲ್ಫನಿಲಮೈಡ್ ಮತ್ತು ನೀಡಾ ಎಂಬ ರಾಸಾಯನಿಕಗಳು ಬೀಳುತ್ತವೆ. ಸ್ವಲ್ಪ ಹೊತ್ತಿಗೆ ದ್ರಾವಣ ಗುಲಾಬಿಗೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ಮಾಲಿನ್ಯ ಹೆಚ್ಚು. ಅದನ್ನು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 540 ನ್ಯಾನೋಮೀಟರ್ ಬೆಳಕಿಗೊಡ್ಡಿ ಅಳೆಯುತ್ತಾರೆ.

ಈ ವಿಧಾನದ ಮೂಲ ರೂಪವನ್ನು ಜೇಕಬ್ಸ್ ಮತ್ತು ಹಾಕ್‌ಹೈಸರ್ 1958ರಲ್ಲಿ ಕೊಟ್ಟರು. ಆದರೆ ದ್ರಾವಣ ಹಿಡಿಯುವ ಪಾಲು ಅನಿಲದ ಪ್ರಮಾಣಕ್ಕೆ ತಕ್ಕಂತೆ ಏರಿಳಿಯುವುದು ಗೊತ್ತಾಗಿ, 1970ರ ದಶಕದಲ್ಲಿ ಅಮೆರಿಕ ಅದನ್ನು ಕೈಬಿಟ್ಟಿತು. ಆರ್ಸೆನೈಟ್ ಸೇರಿಸಿದ ಮೇಲೆ ಆ ಪಾಲು ಸುಮಾರು ಶೇಕಡ 82ಕ್ಕೆ ಸ್ಥಿರವಾಯಿತು. ಉಳಿದುದನ್ನು ಈಗ ಲೆಕ್ಕದಲ್ಲೇ ಸರಿದೂಗಿಸುತ್ತಾರೆ. ಆರ್ಸೆನೈಟ್ ಘೋರ ವಿಷ. ಬಳಸಿದ ದ್ರಾವಣವನ್ನು ಮೋರಿಗೆ ಚೆಲ್ಲುವಂತಿಲ್ಲ.

ಸ್ವಯಂಚಾಲಿತ ಕೇಂದ್ರಗಳ ರೀತಿ ಬೇರೆ. ನೈಟ್ರಿಕ್ ಆಕ್ಸೈಡ್ ಓಝೋನ್ ಜೊತೆ ಸೇರುವಾಗ ಹೊಮ್ಮುವ ಮಂದ ಬೆಳಕನ್ನು ಯಂತ್ರ ಅಳೆಯುತ್ತದೆ. ಬಿಸಿ ಮಾಲಿಬ್ಡಿನಮ್ ಮೇಲೆ ಹಾಯಿಸಿದ ಗಾಳಿಯಲ್ಲಿ ಡೈಆಕ್ಸೈಡ್ ಕೂಡ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಹಾಯಿಸಿದ, ಹಾಯಿಸದ ಎರಡು ಅಳತೆಗಳ ವ್ಯತ್ಯಾಸವೇ ಡೈಆಕ್ಸೈಡ್. ನೈಟ್ರಿಕ್ ಆಮ್ಲದ ಆವಿಯಂಥವೂ ಇದರಲ್ಲಿ ಸೇರಿಕೊಂಡು ಅಂಕಿಯನ್ನು ಹಿಗ್ಗಿಸಬಹುದು. ಯಂತ್ರ ಬಂದರೂ ಪರೀಕ್ಷಕರು ಎಚ್ಚರ ವಹಿಸುವುದು ತಪ್ಪಲಿಲ್ಲ.

ನಮ್ಮಲ್ಲಿ ಒಂದು ಘನಮೀಟರ್ ಗಾಳಿಗೆ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂ, ದಿನದ ಸರಾಸರಿ 80 ಎಂದು 2009ರಲ್ಲಿ ಮಿತಿ ಹಾಕಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವಾರ್ಷಿಕ ಮಿತಿಯನ್ನು 10ಕ್ಕೆ ಇಳಿಸಿತು.

ಪತ್ರಿಕೆಯಲ್ಲಿ ಕಾಣುವ ವಾಯು ಗುಣಮಟ್ಟ ಸೂಚ್ಯಂಕ ಆ ದಿನದ ಅತಿ ಕೆಟ್ಟ ಮಾಲಿನ್ಯಕಾರಕವನ್ನಷ್ಟೇ ಹೇಳುತ್ತದೆ. ಸಾಮಾನ್ಯವಾಗಿ ಅದು ದೂಳು. ಡೈಆಕ್ಸೈಡ್ ಅದರ ಮರೆಯಲ್ಲಿ ಉಳಿದುಬಿಡುತ್ತದೆ. ಮಂಡಳಿಯ ‘ಸಮೀರ್’ ಆ್ಯಪ್ ತೆರೆದಾಗ ನಿಮ್ಮ ಹತ್ತಿರದ ಕೇಂದ್ರದಲ್ಲಿ ಡೈಆಕ್ಸೈಡಿನ ಸ್ಥಿತಿಯನ್ನೂ ಒಮ್ಮೆ ನೋಡಿ.