ಸಣ್ಣ ಭಾಷೆಯ ದೊಡ್ಡ ಕಾದಂಬರಿಕಾರ: ಬೆರ್ನಾರ್ಡೊ ಅಚಾಗ

ಸ್ಪೇನ್ ದೇಶದ ಕಾದಂಬರಿಕಾರರೆಲ್ಲ ಸ್ಪ್ಯಾನಿಷ್ ಭಾಷೆಯಲ್ಲಿಯೇ ಬರೆಯುತ್ತಾರೆಂದು ನಾವು ಭಾವಿಸುವುದು ಸಹಜ. ಆದರೆ ಆ ದೇಶದ ಉತ್ತರದಲ್ಲಿ, ಪಿರಿನೀಸ್ ಪರ್ವತಗಳ ಪಶ್ಚಿಮ ತುದಿಯಲ್ಲಿ, ಬಾಸ್ಕ್ ಎಂಬ ಜನರಿದ್ದಾರೆ. ಅವರ ನಾಡು ಸ್ಪೇನ್ ಮತ್ತು ಫ್ರಾನ್ಸ್ ದೇಶಗಳ ಗಡಿಯ ಎರಡು ಕಡೆಗೂ ಹರಡಿಕೊಂಡಿದೆ. ಅವರ ಭಾಷೆಗೂ ನೆರೆಯ ಸ್ಪ್ಯಾನಿಷ್, ಫ್ರೆಂಚ್ ಭಾಷೆಗಳಿಗೂ ನಂಟಿಲ್ಲ. ಜಗತ್ತಿನ ಬೇರಾವ ಭಾಷೆಯೊಡನೆಯೂ ಅದರ ಸಂಬಂಧ ಸಿದ್ಧವಾಗಿಲ್ಲ. ಅದನ್ನು ಬಲ್ಲವರು ಸುಮಾರು ಎಂಟು ಲಕ್ಷ ಮಂದಿ ಮಾತ್ರ. ಈ ಭಾಷೆಯಲ್ಲಿ ಬರೆದು ಲೋಕಪ್ರಸಿದ್ಧರಾದವರು ಬೆರ್ನಾರ್ಡೊ ಅಚಾಗ.

ಇದು ಅವರ ಕಾವ್ಯನಾಮ. ನಿಜವಾದ ಹೆಸರು ಹೋಸೆಬಾ ಇರಾಸು ಗಾರ್ಮೆಂಡಿಯಾ. 1951ರಲ್ಲಿ ಗಿಪುಸ್ಕೋಆ ಪ್ರಾಂತದ ಅಸ್ತೆಯಾಸು ಎಂಬ ಹಳ್ಳಿಯಲ್ಲಿ ಜನಿಸಿದರು. ಆಗ ಸ್ಪೇನನ್ನು ಆಳುತ್ತಿದ್ದವನು ಸರ್ವಾಧಿಕಾರಿ ಫ್ರಾಂಕೊ. ಅಂತರ್ಯುದ್ಧದಲ್ಲಿ ಗೆದ್ದು 1939ರಿಂದ 1975ರಲ್ಲಿ ಸಾಯುವವರೆಗೂ ಅವನು ಅಧಿಕಾರದಲ್ಲಿದ್ದನು. ಅವನ ಕಾಲದಲ್ಲಿ ಸರಕಾರದ ಶಾಲೆಗಳಲ್ಲಿ ಬಾಸ್ಕ್ ಭಾಷೆಗೆ ಸ್ಥಾನವಿರಲಿಲ್ಲ. ಮನೆಯಲ್ಲಿ ತಾಯಿ ಆಡಿದ ಮಾತು ಶಾಲೆಯ ಬಾಗಿಲಲ್ಲಿಯೇ ನಿಂತುಬಿಡುತ್ತಿತ್ತು.

ಆದರೂ ಭಾಷೆ ಸಾಯಲಿಲ್ಲ. 1940ರ ದಶಕದಲ್ಲಿಯೇ ಎಲ್ಬಿರಾ ಸಿಪಿತ್ರಿಯಾ ಎಂಬ ಶಿಕ್ಷಕಿ ಸಾನ್ ಸೆಬಾಸ್ಟಿಯನ್ ನಗರದ ಮನೆಗಳಲ್ಲಿ ಕೆಲವೇ ಮಕ್ಕಳನ್ನು ಕೂರಿಸಿಕೊಂಡು ಗುಟ್ಟಾಗಿ ಬಾಸ್ಕ್ ಭಾಷೆಯಲ್ಲಿ ಪಾಠ ಹೇಳಿದರು. ಇಂತಹ ಶಾಲೆಗಳಿಗೆ ಇಕಾಸ್ತೋಲ ಎಂದು ಹೆಸರು. ಕಲಿಯುವ ಸ್ಥಳ ಎಂದು ಅದರ ಅರ್ಥ. ಮುಂದೆ ತಂದೆತಾಯಂದಿರೇ ಸೇರಿ ಊರೂರುಗಳಲ್ಲಿ ಇವನ್ನು ಬೆಳೆಸಿದರು. ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗಿದ್ದ ಆಡುನುಡಿಗಳಿಗೆ ಒಂದು ಸಾಮಾನ್ಯ ಬರಹದ ರೂಪ ಕೊಡುವ ಕಾರ್ಯ 1968ರಲ್ಲಿ ಆರಂಭವಾಯಿತು. 1979ರಲ್ಲಿ ಬಾಸ್ಕ್ ಸ್ವಾಯತ್ತ ಪ್ರಾಂತದಲ್ಲಿ ಸ್ಪ್ಯಾನಿಷ್ ಜೊತೆಗೆ ಬಾಸ್ಕ್ ಕೂಡ ಅಧಿಕೃತ ಭಾಷೆಯಾಯಿತು.

ಅಚಾಗರು ಬಿಲ್ಬಾವೊ ನಗರದಲ್ಲಿ ಅರ್ಥಶಾಸ್ತ್ರ ಓದಿದರು. ಬಳಿಕ ಬಾರ್ಸಿಲೋನಾದಲ್ಲಿ ತತ್ತ್ವಶಾಸ್ತ್ರ ಅಭ್ಯಸಿಸಿದರು. ಪುಸ್ತಕದಂಗಡಿ, ಬಾಸ್ಕ್ ಭಾಷಾಬೋಧನೆ, ಆಕಾಶವಾಣಿಗೆ ಬರವಣಿಗೆ ಮುಂತಾದ ಹಲವು ವೃತ್ತಿಗಳನ್ನು ಮಾಡಿ, 1980ರ ಸುಮಾರಿಗೆ ಪೂರ್ಣಕಾಲದ ಲೇಖಕರಾದರು. ಬಾಸ್ಕ್ ಭಾಷೆಯ ಮೊದಲ ಮುದ್ರಿತ ಪುಸ್ತಕ 1545ರದು. ಆದರೂ ಹೊಸ ಬರಹಗಾರನಿಗೆ ಆಸರೆಯಾಗುವಷ್ಟು ಕಥಾಸಾಹಿತ್ಯ ಅದರಲ್ಲಿರಲಿಲ್ಲ. ತಮ್ಮ ಭಾಷೆಯನ್ನು ಅವರು ದೀರ್ಘ ಚಳಿಗಾಲವೆಲ್ಲ ಮುದುಡಿ ಮಲಗಿ, ಈಗ ಕಣ್ಣುಬಿಡುತ್ತಿರುವ ಮುಳ್ಳಿಲಿಗೆ ಹೋಲಿಸಿದ್ದಾರೆ.

ಅವರಿಗೆ ಕೀರ್ತಿ ತಂದ ಕೃತಿ 1988ರಲ್ಲಿ ಪ್ರಕಟವಾದ ‘ಒಬಾಬಾಕೊಅಕ್’. ‘ಒಬಾಬಾದವರು’ ಎಂದು ಇದರ ಅರ್ಥ. ಒಬಾಬಾ ಅವರೇ ಕಲ್ಪಿಸಿದ ಒಂದು ಹಳ್ಳಿ. ಅದರಲ್ಲಿನ ಒಂದು ಕಥೆಯನ್ನು ಕೇಳಿ. ಎಸ್ತೆಬಾನ್ ಎಂಬ ಬಾಲಕನ ತಂದೆ ಜರ್ಮನ್ ಎಂಜಿನಿಯರ್. ಹುಡುಗ ಒಂದು ದಿನ ಮೂರ್ಛೆ ಹೋದಾಗ ಕನಸಿನಂತೆ ಒಬ್ಬ ಹುಡುಗಿ ಕಾಣಿಸಿಕೊಂಡು, ಹ್ಯಾಂಬರ್ಗ್ ನಗರದ ತನ್ನ ವಿಳಾಸ ಹೇಳುತ್ತಾಳೆ. ಅವನು ಕಾಗದ ಬರೆಯುತ್ತಾನೆ, ಉತ್ತರವೂ ಬರುತ್ತದೆ! ಅವಳಿಗೆ ತಕ್ಕವನಾಗಬೇಕೆಂದು ಚೆನ್ನಾಗಿ ಓದುತ್ತಾನೆ. ಎಷ್ಟೋ ವರ್ಷಗಳ ನಂತರ ಆ ವಿಳಾಸಕ್ಕೆ ಹೋದಾಗ ತಿಳಿಯುತ್ತದೆ: ಅಂತಹ ಹುಡುಗಿಯೇ ಇಲ್ಲ, ಆ ಪತ್ರಗಳ ಹಿಂದೆ ಇದ್ದವನು ಅವನ ತಂದೆಯೇ. ಮಗ ಓದಲೆಂಬ ಹಂಬಲದಲ್ಲಿ ತಂದೆ ಹೂಡಿದ ಈ ಆಟವನ್ನು ಪ್ರೀತಿಯೆನ್ನೋಣವೇ, ಮೋಸವೆನ್ನೋಣವೇ? ತೀರ್ಪು ಓದುಗರದು.

ಈ ಕೃತಿಗೆ 1989ರಲ್ಲಿ ಸ್ಪೇನಿನ ರಾಷ್ಟ್ರೀಯ ಕಥಾಸಾಹಿತ್ಯ ಪ್ರಶಸ್ತಿ ದೊರೆಯಿತು. ಬಾಸ್ಕ್ ಕೃತಿಯೊಂದಕ್ಕೆ ಆ ಗೌರವ ಸಂದದ್ದು ಅದೇ ಮೊದಲು. ಅಚಾಗರು ತಾವೇ ಅದನ್ನು ಸ್ಪ್ಯಾನಿಷ್ ಭಾಷೆಗೆ ತಂದರು. ಅದರ ಮೂಲಕ ಅದು 1992ರಲ್ಲಿ ಇಂಗ್ಲಿಷಿಗೂ ಹೋಯಿತು. ಇಪ್ಪತ್ತಕ್ಕೂ ಹೆಚ್ಚು ಭಾಷೆಗಳ ಓದುಗರು ಒಬಾಬಾವನ್ನು ಕಂಡಿದ್ದಾರೆ. ಅವರ ಸಮಗ್ರ ಸಾಧನೆಗಾಗಿ 2019ರಲ್ಲಿ ಸ್ಪೇನಿನ ರಾಷ್ಟ್ರೀಯ ಸಾಹಿತ್ಯ ಪ್ರಶಸ್ತಿಯೂ ಲಭಿಸಿತು.

2003ರಲ್ಲಿ ಬಂದ ‘ಅಕಾರ್ಡಿಯನ್ ವಾದಕನ ಮಗ’ ಎಂಬ ಕಾದಂಬರಿಯಲ್ಲಿ ಮನಸ್ಸನ್ನು ಕಲಕುವ ಒಂದು ಸಂದರ್ಭವಿದೆ. ಕಥಾನಾಯಕ ದಾವಿದ್ ಒಬಾಬಾ ಬಿಟ್ಟು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದಾನೆ. ತನ್ನ ಜೀವನದ ಕಥೆಯನ್ನು ಬಾಸ್ಕ್ ಭಾಷೆಯಲ್ಲಿ ಬರೆಯುತ್ತಾನೆ. ಆದರೆ ಅವನ ಹೆಂಡತಿಗೆ ಅದನ್ನು ಓದಲು ಬರುವುದಿಲ್ಲ. ಅವನೂ ಅವನ ಇಬ್ಬರು ಹೆಣ್ಣುಮಕ್ಕಳೂ ಹಳೆಯ ಬಾಸ್ಕ್ ಪದಗಳನ್ನು ಚೀಟಿಗಳಲ್ಲಿ ಬರೆದು, ಬೆಂಕಿಪೊಟ್ಟಣಗಳಲ್ಲಿಟ್ಟು ಮಣ್ಣಿನಲ್ಲಿ ಹೂಳುತ್ತಾರೆ. ಮಕ್ಕಳಿಗೆ ಅದೊಂದು ಆಟ. ತಂದೆಗೆ ಅದು ಆಟ ಮಾತ್ರವಲ್ಲ.

ವಿದ್ಯಾರ್ಥಿ ಮಿತ್ರರೇ, ಗಡಿಯಾಚೆಯ ಕನ್ನಡ ಶಾಲೆಯಲ್ಲಿ ಓದುವ ನಿಮಗೆ ಈ ಮಾತು ಬೇಗ ಅರ್ಥವಾದೀತು. ಕನ್ನಡವನ್ನಾಡುವವರು ಕೋಟಿಗಟ್ಟಲೆ ಇದ್ದಾರೆ. ಅದಕ್ಕೆ ಸಾವಿರ ವರ್ಷಕ್ಕೂ ಹೆಚ್ಚಿನ ಸಾಹಿತ್ಯವಿದೆ. ನಮ್ಮ ಸ್ಥಿತಿ ಬಾಸ್ಕ್ ಜನರಷ್ಟು ಕಷ್ಟದ್ದಲ್ಲ. ಆದರೂ ಕನ್ನಡದಲ್ಲಿ ಓದಿದರೆ ಮಕ್ಕಳ ದಾರಿ ಕಿರಿದಾದೀತೇ ಎಂಬ ಅಳುಕು ಹೆತ್ತವರಲ್ಲಿ ಉಂಟು. ಆ ಅಳುಕನ್ನು ತಪ್ಪೆನ್ನಲಾಗದು. ಆದರೆ ಅಚಾಗರು ಮನೆಮಾತನ್ನು ಬಿಡಲಿಲ್ಲ. ರಾಜ್ಯಭಾಷೆಯನ್ನು ದೂರವಿಡಲೂ ಇಲ್ಲ. ಒಂದರಲ್ಲಿ ಬರೆದರು, ಇನ್ನೊಂದರಲ್ಲಿ ದಾಟಿಸಿದರು. ಎರಡನ್ನೂ ಚೆನ್ನಾಗಿ ಕಲಿತದ್ದರಿಂದಲೇ ಅದು ಸಾಧ್ಯವಾಯಿತು.

ಇಂದು ಮನೆಗೆ ಹೋದಾಗ ಅಜ್ಜಿಯ ಬಾಯಿಂದ ನೀವು ತಿಳಿಯದ ಒಂದು ಪದ ಕೇಳಿ ಬರೆದುಕೊಳ್ಳಿ. ಬೆಂಕಿಪೊಟ್ಟಣದಲ್ಲಿ ಹೂಳುವುದಕ್ಕಲ್ಲ, ನಾಳೆ ತರಗತಿಯಲ್ಲಿ ಆಡುವುದಕ್ಕೆ.